ಮೊಣಕಾಲುದ್ದಕ್ಕೆ ಕಡಿದ ಜುಮಕಿ ದಾಸವಾಳ

ನಿವೃತ್ತಿಯಾದ ಮೇಲೂ ನನ್ನ ಕೈಗಳು ಸುಮ್ಮನಿರುವುದನ್ನು ಕಲಿತಿಲ್ಲ. ಅರಸೀಕೆರೆಯಲ್ಲಿ ಬಸ್ಸು ಹತ್ತಿ ಹಾರನಹಳ್ಳಿ ದಾಟುವಷ್ಟರಲ್ಲಿ ಕಿಟಕಿಯಾಚೆ ಕಾಣುವ ಕಾಂಪೌಂಡುಗಳ ಗಿಡಗಳನ್ನೆಲ್ಲ ಮನಸ್ಸಿನಲ್ಲೇ ಕತ್ತರಿಸಿ ಮುಗಿಸಿರುತ್ತೇನೆ. ಯಾರದೋ ಮನೆಯ ಕಣಗಿಲೆ ಕರೆಂಟು ತಂತಿ ಮುಟ್ಟುತ್ತಿದ್ದರೆ ಇಳಿದು ಹೋಗಿ ಬಾಗಿಲು ತಟ್ಟಬೇಕೆನಿಸುತ್ತದೆ. ಒಂದೆರಡು ಸಲ ತಟ್ಟಿದ್ದೂ ಉಂಟು. ಒಬ್ಬಾಕೆ ನಾನು ಚಂದಾ ಎತ್ತಲು ಬಂದವನೆಂದು ತಿಳಿದು ಚಿಲ್ಲರೆ ತರಲು ಒಳಗೆ ಹೋದರು. ಮನೆಯಲ್ಲಿ ಹೆಂಡತಿ ಗಿರಿಜೆ, "ಏನ್ರೀ, ಕುರ್ಚೀಲಿ ಮುಳ್ಳೈತಾ? ಒಂದ್ಗಳಿಗೆ ಕೂತ್ಕಳಾಕಾಗಲ್ವಾ?" ಎನ್ನುತ್ತಾಳೆ. ಆಗುವುದಿಲ್ಲ, ಏನು ಮಾಡಲಿ.

ಮಾಲಿ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನು ಮಾಡುತ್ತಾರೆ. ಅಳತೆ ಮೀರಿ ಬೆಳೆದ ಹೂಗಿಡವನ್ನು ಯಾವಾಗ ಕಡಿಯಬೇಕು, ಎಷ್ಟು ಕಡಿಯಬೇಕು, ಇವೆರಡೇ ಅವರ ಪ್ರಶ್ನೆ. ನಾನು ಹೇಳಲು ಶುರುಮಾಡಿದರೆ ಅರ್ಧ ಕೇಳಿಸಿಕೊಂಡು "ಆಯ್ತು ಸಾರ್" ಎಂದು ಇಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಿ ಸೇರಿದೆ, ಯಾವಾಗ ಖಾಯಂ ಆದೆ, ಇವೆಲ್ಲ ಬೇಡ. ನಾನು ಕಂಡ ಗಿಡಗಳ ಮಾತು ಮಾತ್ರ ಸಾಕು.

ನಾನು ಮೊದಲು ಕತ್ತರಿ ಹಿಡಿದದ್ದು ಅರೇಹಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನ ಬಂಗಲೆಯಲ್ಲಿ, ಮುದ್ದಯ್ಯ ಎಂಬ ಹಿರಿಯ ಮಾಲಿಯ ಕೈಕೆಳಗೆ. ಬಂಗಲೆಯ ಮೆಟ್ಟಿಲ ಪಕ್ಕ ಫ್ಯೂಷಿಯಾ ಗಿಡಗಳ ಸಾಲಿತ್ತು. ಕೆಂಪು, ನೇರಳೆ ಹೂಗಳು ತಲೆಕೆಳಗಾಗಿ ಲೋಲಾಕಿನಂತೆ ತೂಗುತ್ತಿದ್ದವು. ನಮ್ಮ ಬಾಯಲ್ಲಿ ಅದು ಲೋಲಾಕಿನ ಗಿಡ. ಬಂಗಲೆಯ ಅಮ್ಮಾವ್ರಿಗೆ ಆ ಗಿಡದ ನಾಡಿ ಗೊತ್ತಿತ್ತು. "ಚಳಿ ಪೂರ್ತಿ ಹೋಗಲಿ. ಬುಡದಲ್ಲಿ ಕೆಂಪಗೆ ಚಿಗುರಿನ ಚುಕ್ಕೆ ಕಾಣಲಿ. ಆಮೇಲೆ ಹೆದರಬೇಡಿ, ಗೇಣುದ್ದ ಬಿಟ್ಟು ಕಡೀರಿ" ಎನ್ನುತ್ತಿದ್ದರು. ಹೂವು ಬರುವುದು ಆ ವರ್ಷದ ಹೊಸ ಚಿಗುರಿನ ಮೇಲೆ, ಹಳೆಯ ಕಡ್ಡಿಯ ಮೇಲಲ್ಲ. ಹಳೆಯದನ್ನು ಉಳಿಸಿಕೊಂಡಷ್ಟೂ ಗಿಡ ಎತ್ತರವಾಗುತ್ತದೆ, ಹೂವು ತುದಿಗೆ ಓಡುತ್ತದೆ, ಬುಡ ಬೋಳಾಗುತ್ತದೆ.

ಒಂದು ವರ್ಷ ಅಮ್ಮಾವ್ರು ಊರಲ್ಲಿರಲಿಲ್ಲ. ಕಡಿಯುವ ಹೊತ್ತಿಗೆ ಮುದ್ದಯ್ಯನಿಗೆ ಮಗಳ ಮದುವೆಯ ಓಡಾಟ. ಗಿಡ ಹಾಗೇ ಬೆಳೆದು ಮೆಟ್ಟಿಲ ಮೇಲೆ ಮಲಗಿತು. ಜಡಿಮಳೆಯ ನಡುವೆ ಒಂದು ದಿನ ಅವನಿಗೆ ರೇಗಿಹೋಯಿತು. ಗೋಣಿಕೊಪ್ಪೆ ಹಾಕಿಕೊಂಡು ಹೋಗಿ ಸಾಲಿಗೆ ಸಾಲೇ ಕಡಿದು ಬಂದ. ಮೆತ್ತನೆಯ ಕಾಂಡ, ಬಿಡದ ನೀರು, ಎಲೆಯೊಂದೂ ಇಲ್ಲ. ಬುಡ ಕೊಳೆಯಿತು. ಅಮ್ಮಾವ್ರು ಬಂದವರು ಒಂದು ಗಿಡವನ್ನು ಎರಡು ಬೆರಳಲ್ಲಿ ಹಿಡಿದರು, ಅದು ಬೇರುಸಮೇತ ಕೈಗೆ ಬಂತು. ಅವರು ಏನೂ ಅನ್ನದೆ ಒಳಗೆ ಹೋದರು.

"ಬೈದಿದ್ರೆ ಚೆನ್ನಾಗಿತ್ತು ಕಣ್ಲಾ" ಎಂದ ಮುದ್ದಯ್ಯ. ಆಮೇಲೆ ಅವನು ಬಿಕ್ಕೋಡಿನ ಇನ್ನೊಂದು ಬಂಗಲೆಗೆ ಹೋಗಿ ಅದೇ ಗಿಡದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನೆಟ್ಟ. ಅವು ಬೇರು ಬಿಡುವ ತನಕ ಅವನು ಬಂಗಲೆಯ ಮುಂಬಾಗಿಲ ಕಡೆ ಹಾಯಲಿಲ್ಲ.

ಆಮೇಲೆ ನಾನು ಬೇಲೂರಿನ ಒಂದು ಅತಿಥಿಗೃಹದ ತೋಟಕ್ಕೆ ಬಂದೆ. ಅಲ್ಲಿ ನನಗೆ ಸಿಕ್ಕ ಮೇಲಿನವರೊಬ್ಬರಿಗೆ ಅಚ್ಚುಕಟ್ಟಿನ ಹುಚ್ಚು. ಯಾರೋ ದೊಡ್ಡವರು ಬರುತ್ತಾರೆಂದು ಗೊತ್ತಾದದ್ದೇ ತಡ, "ನಂಜಪ್ಪ, ಎಲ್ಲಾ ನೀಟಾಗಿರ್ಬೇಕು" ಎಂದರು. ಕಾಗದದ ಹೂವಿನ ಬಳ್ಳಿ ಗೇಟಿನ ಮೇಲೆ ತುಂಬಿಕೊಂಡು ಕಣ್ಣು ಕುಕ್ಕುವ ಹಾಗೆ ಅರಳಿದ್ದ ಕಾಲ ಅದು. ಹೂವು ಮುಗಿಯಲಿ ಸಾರ್ ಎಂದೆ. "ಎಲೆ ಉದುರತ್ತೆ ಕಣ್ರೀ, ಕಸ" ಎಂದರು. ಕಡಿದೆವು. ಬಂದ ದೊಡ್ಡವರು ಕಾರಿಳಿದು ಸುತ್ತ ನೋಡಿ, "ಇದೇನು, ಮೊದ್ಲು ಸೌದೆ ಡಿಪೋ ಇತ್ತಾ?" ಎಂದು ಕೇಳಿದರಂತೆ. ಅವತ್ತಿನಿಂದ ನಮ್ಮವರು ಕತ್ತರಿ ಎಂಬ ಮಾತೆತ್ತಿದರೆ ಬೆಚ್ಚಿಬೀಳುತ್ತಿದ್ದರು. ಅವರಿಗೆ ವರ್ಗವಾಗುವ ತನಕ ಒಂದು ಕಡ್ಡಿ ಮುಟ್ಟಲು ಬಿಡಲಿಲ್ಲ. ಕೊನೆಗೆ ಗೇಟಿಗೆ ಇಳಿಬಿದ್ದ ಬಳ್ಳಿ ಅಡ್ಡವಾಗಿ ಅವರ ಸಾಮಾನಿನ ಲಾರಿಯೇ ಒಳಗೆ ನುಗ್ಗದೆ ಬೀರು, ಮಂಚಗಳನ್ನೆಲ್ಲ ರಸ್ತೆಯವರೆಗೆ ಹೊತ್ತು ಸಾಗಿಸಿದೆವು. ನಾನು ಮಂಚದ ಕಾಲು ಹಿಡಿದು ನಗು ತಡೆದುಕೊಂಡಿದ್ದೆ.

ಈಗ ಟ್ರಿಮ್ಮರ್ ಮೆಷಿನ್ನು ಬಂದಿದೆ. ಬೇಲಿಗಿಡಕ್ಕೆ ಅದು ಒಳ್ಳೆಯದೇ, ಸೊಂಟ ಉಳಿಯುತ್ತದೆ. ಆದರೆ ಹೂಗಿಡಕ್ಕೂ ಅದನ್ನೇ ಹಿಡಿದು ಎಲ್ಲವನ್ನೂ ಲಾಡು ಮಾಡಿಡುತ್ತೀರಿ. ಹೊರಗೆ ಹಸಿರು, ಒಳಗೆ ಕೈಹಾಕಿದರೆ ಬರೀ ಒಣಪುಳ್ಳೆ. ಮುದಿಗಿಡವಾದರೆ ಮೊದಲು ಒಳಗೆ ತಲೆಹಾಕಿ ನೋಡಿ. ಒಣಗಿದ್ದನ್ನು ತೆಗೆಯಿರಿ. ಒಂದಕ್ಕೊಂದು ಉಜ್ಜುವ ಕೊಂಬೆಗಳಲ್ಲಿ ಒಂದನ್ನು ತೆಗೆಯಿರಿ. ಆಮೇಲೆ ಹಳೆಯ ಕಾಂಡಗಳಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ತಗ್ಗಿಗೆ ಕಡಿದು, ಉಳಿದದ್ದನ್ನು ಮುಂದಿನ ಎರಡು ವರ್ಷಕ್ಕೆ ಬಿಡಿ. ಆಗ ಗಿಡಕ್ಕೆ ಉಸಿರಾಡಲು ಎಲೆ ಉಳಿದಿರುತ್ತದೆ. ಇದು ನಾನು ಎಲ್ಲರಿಗೂ ಹೇಳಿಕೊಟ್ಟ ಪಾಠ. ನಿವೃತ್ತಿಗೆ ಮುಂಚಿನ ವರ್ಷ ಹಳೇಬೀಡಿನಲ್ಲಿ ನಾನೇ ಇದನ್ನು ಮೀರಬೇಕಾಯಿತು. ಅದನ್ನು ನೆನೆದರೆ ಈಗಲೂ ಎದ್ದು ಓಡಾಡಬೇಕೆನಿಸುತ್ತದೆ.

ಹಳೇಬೀಡಿನ ಧರಣೇಂದ್ರಯ್ಯನವರು ಜೈನರು, ಜಮೀನಿದ್ದವರು. ಅತಿಥಿಗೃಹಕ್ಕೆ ಯಾರನ್ನೋ ನೋಡಲು ಬಂದವರು ನನ್ನನ್ನು ಕರೆದು, "ಮನೆ ಹಿತ್ಲಲ್ಲಿ ಒಂದು ದಾಸವಾಳ ಐತೆ, ಕೀಳಿಸ್ಬೇಕು. ಆಳು ಇದ್ರೆ ಕಳ್ಸು" ಎಂದರು. ಕೀಳುವುದು ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಳನ್ನು ಕಳಿಸದೆ ಮರುದಿನ ಮೊದಲ ಬಸ್ಸಿಗೆ ನಾನೇ ಹೋದೆ.

ಅದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆ. ಎಡಭಾಗ ಧರಣೇಂದ್ರಯ್ಯನವರದು, ಬಲಭಾಗ ತಮ್ಮ ಶಾಂತರಾಜಯ್ಯನವರದು. ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಹಿತ್ತಲಿನ ಗಡಿಯ ಮೇಲೆ ಸರಿಯಾಗಿ ಈ ಜುಮಕಿ ದಾಸವಾಳ. ಹೂವು ಉದ್ದ ತೊಟ್ಟಿನಲ್ಲಿ ಕೆಳಮುಖವಾಗಿ ತೂಗುತ್ತದೆ, ದಳಗಳು ಸೀಳುಸೀಳು. ನನಗೆ ಅರೇಹಳ್ಳಿಯ ಲೋಲಾಕಿನ ಗಿಡವೇ ಕಣ್ಣಿಗೆ ಬಂತು. ಆದರೆ ಅಂಥ ಆಕಾರವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಎಡಗಡೆ ಗೋಡೆ ಕುಯ್ದ ಹಾಗೆ ನೇರ, ಬಲಗಡೆಯೂ ನೇರ. ನಡುವೆ ಮಾತ್ರ ಹೆಂಚಿನ ಮಾಡನ್ನು ದಾಟಿದ ಪೊದೆ. ಅಣ್ಣ ತನ್ನ ಆಳಿನಿಂದ ತನ್ನ ಕಡೆಯದನ್ನು ಕಡಿಸುತ್ತಿದ್ದರು. ತಮ್ಮ ತನ್ನ ಆಳಿನಿಂದ ತನ್ನದನ್ನು. ನಡುವಿನ ಕೊಂಬೆಗಳು ಯಾರ ಪಾಲಿನವೆಂದು ತೀರ್ಮಾನವಾಗದೆ, ಇಷ್ಟು ವರ್ಷ ಅವುಗಳಿಗೆ ಒಬ್ಬರೂ ಕೈ ಹಚ್ಚಿರಲಿಲ್ಲ. ಈಗ ಅದು ವಾಲಿ ಹೆಂಚು ಒಡೆಯುತ್ತಿತ್ತು. ಧರಣೇಂದ್ರಯ್ಯನವರು ಗಿಡ ಕಿತ್ತು ಗೋಡೆ ಎಬ್ಬಿಸಲು ಸಿಮೆಂಟ್ ಇಟ್ಟಿಗೆ ಇಳಿಸಿದ್ದರು.

ಗಿಡದ ಹತ್ತಿರ ಹೋಗುತ್ತಿದ್ದ ಹಾಗೆ ಅದರೊಳಗಿಂದ ಮಾತು ಕೇಳಿಸಿತು.

"ಅಕ್ಕಾ, ಕೊಂಬೆ ಬಗ್ಗಿಸ್ತೀನಿ, ನೀವು ಕಿತ್ಕೊಳ್ಳಿ."

"ನಿಧಾನ ಕಣೇ ವಿಮಲಾ, ಕಣ್ಣಿಗೆ ಹೊಡೆದೀತು. ರಾತ್ರಿ ಕೆಮ್ಮು ಹೇಗಿತ್ತು?"

"ಅದಿರ್ತದೆ ಬಿಡಿ. ನಿಮ್ಮ ಮೊಮ್ಮಗು ಹೆಜ್ಜೆ ಹಾಕ್ತಾ?"

ಈ ಕಡೆಯಿಂದ ಒಂದು ಬಳೆಯ ಕೈ, ಆ ಕಡೆಯಿಂದ ದೋಟಿಯ ಕೊಕ್ಕೆ. ಅವರು ವಾರಗಿತ್ತಿಯರು. ಈ ಕಡೆಯವರು ಅಣ್ಣನ ಹೆಂಡತಿ ಚಂದ್ರಮತಮ್ಮ, ಆ ಕಡೆಯವರು ತಮ್ಮನ ಹೆಂಡತಿ ವಿಮಲಮ್ಮ. ಗಂಡಂದಿರಿಗೆ ಮಾತಿಲ್ಲದ ಮೇಲೆ ಹೆಂಡಿರು ಬಹಿರಂಗವಾಗಿ ಮಾತಾಡುವ ಹಾಗಿಲ್ಲ. ದಿನವೂ ಬಸದಿಗೆ ಹೂವು ಬಿಡಿಸುವ ನೆಪದಲ್ಲಿ ಪೊದೆಯ ಎರಡು ಮಗ್ಗುಲಿಗೆ ನಿಂತು ಅಷ್ಟೂ ವರ್ಷ ಸಂಸಾರದ ಮಾತಾಡಿಕೊಂಡು ಬಂದಿದ್ದರು. ನನ್ನ ಹೆಜ್ಜೆ ಕೇಳಿ ಇಬ್ಬರೂ ಸುಮ್ಮನಾದರು.

ಚಂದ್ರಮತಮ್ಮ ನನ್ನ ಕೈಯ ಗರಗಸ ನೋಡಿ ಬಿಳಿಚಿಕೊಂಡರು. ಮೆತ್ತಗೆ, "ಕೀಳಕ್ಕೆ ಬಂದ್ರಾ?" ಎಂದರು.

"ಉಳಿಸಕ್ಕೆ ಆಗ್ತದಾ ನೋಡಣ ಅಂತ ಬಂದೆ ತಾಯೀ" ಎಂದೆ.

ಪೊದೆಯೊಳಗಿಂದ ವಿಮಲಮ್ಮನ ದನಿ ಬಂತು. "ಹಂಗಾದ್ರೆ ಮೇಲ್ಮೇಲೆ ಸವರಿಬಿಡಿ. ಬೋಳು ಮಾಡ್ಬೇಡಿ ಕಣಪ್ಪಾ. ಈ ಮರೆ ಹೋದ್ರೆ ನಮಗೆ ನಿಲ್ಲೋಕೆ ಜಾಗಿಲ್ಲ."

ಒಳಗೆ ತಲೆಹಾಕಿ ನೋಡಿದೆ. ಕಾಂಡಗಳು ತೋಳಿನಷ್ಟು ದಪ್ಪ, ಅರ್ಧ ಒಣಗಿ ಬಿರುಕುಬಿಟ್ಟಿದ್ದವು. ಮೇಲೆ ಸವರಿದರೆ ಒಂದೇ ವರ್ಷಕ್ಕೆ ಮತ್ತೆ ಹೆಂಚಿಗೆ ಬರುತ್ತದೆ, ಗೋಡೆ ಬರುವುದು ಖಂಡಿತ. ಮೂರು ವರ್ಷದಲ್ಲಿ ಹಂತಹಂತವಾಗಿ ಇಳಿಸೋಣವೆಂದರೆ ಧರಣೇಂದ್ರಯ್ಯನವರು ಮೂರು ತಿಂಗಳೂ ಕೊಡುವವರಲ್ಲ. ಒಂದೇ ಸಲ ಮೊಣಕಾಲುದ್ದಕ್ಕೆ ಇಳಿಸಿದರೆ ಗಿಡ ಹೊಸದಾಗಿ ಎದ್ದರೂ ಎದ್ದೀತು, ಸತ್ತರೂ ಸತ್ತೀತು. ನಾನು ಹಿತ್ತಲಲ್ಲಿ ಅತ್ತಿಂದಿತ್ತ ತಿರುಗತೊಡಗಿದೆ. ಇದ್ದದ್ದನ್ನು ಇದ್ದ ಹಾಗೆ ಇಬ್ಬರಿಗೂ ಹೇಳಿದೆ.

ಚಂದ್ರಮತಮ್ಮ ಹೂವಿನ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, "ಕಡೀರಿ" ಎಂದರು.

ಧರಣೇಂದ್ರಯ್ಯನವರು ಒಪ್ಪಿದರು, ಆದರೆ ಒಂದು ಗಡುವಿಟ್ಟು. ಮಳೆಗಾಲದ ಚಾತುರ್ಮಾಸ ಶುರುವಾದರೆ ಅವರ ಮನೆಯಲ್ಲಿ ಹಸಿರು ಕಡಿಯುವುದಿಲ್ಲ, ನೆಲ ಅಗೆಯುವುದಿಲ್ಲ. ಮಣ್ಣಿನಲ್ಲಿ ಹುಳುಹುಪ್ಪಟೆ ಇರುತ್ತವೆ. ಗೋಡೆಗೆ ಪಾಯ ತೆಗೆಸುವುದಾದರೆ ಅದಕ್ಕೂ ಮುಂಚೆಯೇ ಆಗಬೇಕು. "ಜೀವ ತೆಗ್ಯೋದು ನಂಗೂ ಇಷ್ಟ ಇಲ್ಲ. ಚಾತುರ್ಮಾಸಕ್ಕೆ ಮುಂಚೆ ಚಿಗುರ್ತಾ, ಇರ್ಲಿ. ಇಲ್ವಾ, ಪಾಯ ತೆಗೆಸ್ತೀನಿ. ಗಾರೆಯವನಿಗೆ ಹೇಳಿ ಆಗೈತೆ" ಎಂದರು.

ಆಗ ಬೇಸಿಗೆಯ ಕೊನೆ. ಎರಡು ಒಳ್ಳೆಯ ಮಳೆ ಬಿದ್ದು ನೆಲ ಹದವಾಗಿತ್ತು. ದಾಸವಾಳವನ್ನು ಬಲವಾಗಿ ಕಡಿಯುವುದಾದರೆ ಅದೇ ಕಾಲ. ಮುಂದೆ ಬಿಸಿಲೂ ಇರುತ್ತದೆ, ಆಗಾಗ ನೀರೂ ಬೀಳುತ್ತದೆ, ಜಡಿಮಳೆ ಹಿಡಿಯುವಷ್ಟರಲ್ಲಿ ಗಾಯ ಆರಿರುತ್ತದೆ. ದಿನ ಹುಡುಕುವುದೇ ಪಾಡಾಯಿತು. ಅಷ್ಟಮಿ, ಚತುರ್ದಶಿ ಅವರಿಗೆ ಆಗದು. ಸೋಮವಾರ ಗಿಡಕ್ಕೆ ಕತ್ತಿ ಹಾಕಿದರೆ ಗಿರಿಜೆ ನನ್ನನ್ನು ಮನೆಯೊಳಗೆ ಸೇರಿಸಳು. ಶುಕ್ರವಾರ ಶಾಂತರಾಜಯ್ಯನವರ ಆಕ್ಷೇಪಣೆ. ಅವರಿಗೆ ಯಾವ ದಿನವಾದರೂ ಆಗುತ್ತಿತ್ತು, ಅಣ್ಣ ಹೇಳಿದ ದಿನ ಆಗುತ್ತಿರಲಿಲ್ಲ ಅಷ್ಟೇ. ಅಂತೂ ಒಂದು ಬುಧವಾರ ಸಿಕ್ಕಿತು.

ಅಣ್ಣ ತನ್ನ ಕಡೆ ನಿಂತರು, ತಮ್ಮ ತನ್ನ ಕಡೆ. ಅವರ ನಡುವೆ ಪೊದೆ.

"ನನ್ನ ಕಡೆದು ಕಡಿ" ಎಂದರು ಅಣ್ಣ.

"ನನ್ನ ಕಡೇದೂ ಕಡೀಬೋದು ಅನ್ನಿ" ಎಂದರು ತಮ್ಮ, ನನ್ನ ಮೂಲಕ ಗಾಳಿಗೆ.

"ನಡುವಿಂದು?" ಎಂದೆ. ಇಬ್ಬರೂ ಹೆಂಚಿನ ಕಡೆ ನೋಡಿದರು. ನಾನು ನಡುವಿನದಕ್ಕೇ ಮೊದಲು ಗರಗಸ ಹಾಕಿದೆ. ದೊಡ್ಡ ಕೊಂಬೆ ಒಮ್ಮೆಲೇ ಸೀಳದ ಹಾಗೆ ಕೆಳಗೊಂದು ಗಾಯ ಮಾಡಿ, ಆಮೇಲೆ ಮೇಲಿನಿಂದ ಕೊಯ್ದೆ. ಪೊದೆ ಹಿತ್ತಲಿಗೆ ಬಿದ್ದಾಗ ಧೂಳು, ಹಳೆಯ ಗೂಡು, ಎಂದೋ ಹಾರಿಬಂದು ಸಿಕ್ಕಿಕೊಂಡಿದ್ದ ಒಂದು ಪಂಚೆ ಎಲ್ಲ ಕೆಳಗೆ ಬಂತು. ಧೂಳು ಕೂತ ಮೇಲೆ ನೋಡಿದರೆ ಅಣ್ಣತಮ್ಮ ಇಬ್ಬರೂ ಬನಿಯನ್ನಿನಲ್ಲಿ ಎದುರುಬದುರು. ಶಾಂತರಾಜಯ್ಯನವರು ಪಂಚೆಯನ್ನು ನೋಡಿದರು, ಅಣ್ಣನನ್ನು ನೋಡಿದರು, ತಿರುಗಿ ಒಳಗೆ ಹೋದರು.

ಉಳಿದದ್ದನ್ನೆಲ್ಲ ಮೊಣಕಾಲುದ್ದಕ್ಕೆ ಇಳಿಸಿದೆ. ಕೊಯ್ದ ಮುಖವನ್ನು ನೀರು ನಿಲ್ಲದ ಹಾಗೆ ಓರೆಯಾಗಿಟ್ಟೆ. ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದೆ. ಎಲೆಯಿಲ್ಲದ ಗಿಡ ನೀರು ಕುಡಿಯದು, ಬುಡ ತೋಯಿಸಬೇಡಿ, ಗೊಬ್ಬರವೂ ಚಿಗುರು ಬರುವ ತನಕ ಬೇಡ ಎಂದು ಎರಡೂ ಮನೆಗೆ ಬೇರೆ ಬೇರೆಯಾಗಿ ಹೇಳಿದೆ. ಕೈ ತೊಳೆದುಕೊಂಡು ನೋಡಿದರೆ ಮೊಂಡುಗಳ ಸಾಲು.

ಆಮೇಲಿನ ದಿನಗಳು ನನಗೆ ಚೆನ್ನಾಗಿ ನೆನಪಿವೆ, ಏಕೆಂದರೆ ನಾನು ಒಂದು ಕಡೆ ನಿಲ್ಲಲಿಲ್ಲ. ಬೇಲೂರಿನಲ್ಲಿ ಕೆಲಸ ಮಾಡುತ್ತಿದ್ದರೆ ಮನಸ್ಸು ಹಳೇಬೀಡಿನಲ್ಲಿ. ಏನಾದರೊಂದು ನೆಪ ಹುಡುಕಿ ಬಸ್ಸು ಹತ್ತುತ್ತಿದ್ದೆ. ಹೋಗಿ ಉಗುರಿನಿಂದ ತೊಗಟೆ ಕೆರೆದರೆ ಕೆಳಗೆ ಹಸಿರು. ಸಮಾಧಾನ. ಬೇಲೂರು ಮುಟ್ಟುವಷ್ಟರಲ್ಲಿ ಅದು ಹಸಿರೋ ಬರೀ ತೇವವೋ ಎಂಬ ಅನುಮಾನ. ಮತ್ತೆ ಬಸ್ಸು. ಒಂದು ದಿನ ಚಂದ್ರಮತಮ್ಮ, "ಹಿಂಗೆ ಕೆರೀತಿದ್ರೆ ಚಿಗುರೋ ಆಸೆ ಇದ್ದ ಗಿಡನೂ ಸಾಯ್ತದೆ ಕಣಪ್ಪಾ. ಬನ್ನಿ, ಮಜ್ಜಿಗೆ ಕುಡೀರಿ" ಎಂದು ಗದರಿದರು.

ಆ ದಿನವೇ ನಾನು ಕೇಳಿದೆ, "ಈಗ ಮರೆ ಇಲ್ವಲ್ಲ, ನಿಮ್ಮಿಬ್ಬರ ಮಾತು ಹೆಂಗೆ ತಾಯೀ?"

ಅವರು ಹಿತ್ತಲ ಕಡೆ ನೋಡಿ ಹೇಳಿದರು. ಕಡಿದ ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಬುಟ್ಟಿ ಹಿಡಿದು ಹೋದರಂತೆ. ಆ ಕಡೆಯಿಂದ ವಿಮಲಮ್ಮನೂ ಬಂದಿದ್ದರು. ಕೀಳಲು ಹೂವಿಲ್ಲ, ಮರೆಗೆ ಗಿಡವಿಲ್ಲ. ಇಬ್ಬರೂ ಹಾಗೇ ನಿಂತರು. ದನಿಯನ್ನು ದಿನಾ ಕೇಳುತ್ತಿದ್ದರೂ ಹಗಲು ಬೆಳಕಲ್ಲಿ ಇಷ್ಟು ಹತ್ತಿರದಿಂದ ಮುಖ ನೋಡಿ ಅದೆಷ್ಟು ಕಾಲವಾಗಿತ್ತೋ. "ಅವಳ ಕೂದ್ಲು ಪೂರ್ತಿ ಬೆಳ್ಳಗಾಗಿದೆ. ಕೆಮ್ಮು ಅಂತಿದ್ಲು, ನಾನು ಸಾಮಾನ್ಯ ಕೆಮ್ಮು ಅಂದ್ಕೊಂಡಿದ್ದೆ. ಕೆನ್ನೆ ಒಳಗೋಗಿದೆ. ಏನೇ ಇಷ್ಟು ಸೊರಗಿದ್ದೀಯಾ ಅಂತ ಕಿರುಚಿಬಿಟ್ಟೆ. ಮನೆಯೋರಿಗೆ ಕೇಳಿಸ್ತು. ಕೇಳಿಸ್ಲಿ." ಅವತ್ತೇ ವಿಮಲಮ್ಮನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿಬಂದರಂತೆ. ಔಷಧಿ ನಡೆಯುತ್ತಿದೆ ಎಂದರು. ನಾನು ಮಜ್ಜಿಗೆ ಲೋಟ ನೋಡುತ್ತ ಕೂತೆ.

"ಧರಣೇಂದ್ರಯ್ಯನವರು ಏನಂದ್ರು?"

"ಏನಂತಾರೆ. ಗೋಡೆ ಬೇಗ ಎಬ್ಬಿಸ್ಬೇಕು ಅಂದ್ರು."

ಚಾತುರ್ಮಾಸ ಹತ್ತಿರ ಬಂತು. ಗಾರೆಯವನು ಬಂದು ದಾರ ಕಟ್ಟಿ ಗೂಟ ಹೊಡೆದ. ದಾರ ಮೊಂಡುಗಳ ಮೇಲೆಯೇ ಹಾದಿತ್ತು. ಆ ದಿನ ನಾನು ಹೋದಾಗ ಧರಣೇಂದ್ರಯ್ಯನವರು ಕುರ್ಚಿ ಹಾಕಿಕೊಂಡು ಹಿತ್ತಲಲ್ಲಿದ್ದರು. ನಾನು ಗಿಡದ ಸುತ್ತ ಮೊಣಕಾಲೂರಿ ಕಡಿದ ತುದಿಗಳನ್ನೆಲ್ಲ ನೋಡಿದೆ. ಏನಿಲ್ಲ. ಆ ಕಡೆಗೆ ಹೋಗಿ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದೆ. ತಮ್ಮನ ಕಡೆಯ ಕಾಂಡದ ಬುಡದಲ್ಲಿ, ಮಣ್ಣಿಗೆ ತೀರ ಹತ್ತಿರ, ಅಕ್ಕಿಕಾಳಿನಷ್ಟು ಕೆಂಪು ಚುಕ್ಕೆ. ಪಕ್ಕದಲ್ಲಿ ಇನ್ನೊಂದು.

"ಸ್ವಾಮೀ, ಬಂದೈತೆ!" ಎಂದು ಕೂಗಿದೆ.

ಅವರು ಕುರ್ಚಿಯಿಂದ ಏಳಲಿಲ್ಲ. "ಅದು ಅವನ ಕಡೆ. ಅವನ ಕಡೆ ಚಿಗುರಿದ್ರೆ ನಂಗೇನಾಯ್ತು?"

ನನಗೆ ರೇಗಿಹೋಯಿತು. ಹಿರಿಯರು ಎಂಬುದೂ ನೆನಪಾಗಲಿಲ್ಲ. "ಬೇರು ಒಂದೇ ಸ್ವಾಮೀ! ಬೇರನ್ನ ಯಾರು ಪಾಲು ಮಾಡಿಕೊಟ್ರು ನಿಮಗೆ?" ಎಂದುಬಿಟ್ಟೆ. ಒಳಗೆ ಚಂದ್ರಮತಮ್ಮನ ಪಾತ್ರೆಯ ಸದ್ದು ನಿಂತಿತು.

ಆ ಹೊತ್ತಿಗೆ ಶಾಂತರಾಜಯ್ಯನವರು ಅವರ ಹಿತ್ತಲ ಬಾಗಿಲಲ್ಲಿದ್ದರು. ಕೂಗು ಕೇಳಿ ಬಂದಿರಬೇಕು. ಅವರ ಕಣ್ಣು ನನ್ನ ಮೇಲಿರಲಿಲ್ಲ. "ಮಾಲಿಯವ್ರೇ, ಆ ಕಡೆನೂ ಬಂದಿದೆ. ನೆನ್ನೇನೇ ನೋಡಿದ್ದೆ. ಚಪ್ಪಡಿ ಕಲ್ಲಿನ ಸಂದೀಲಿ ನೋಡಕ್ಕೆ ಹೇಳಿ" ಎಂದರು.

ಯಾರಿಗೆ ಹೇಳಬೇಕೋ ಅವರು ಅಲ್ಲೇ ಕೂತಿದ್ದರು. ನಾನಾಗಿ ಮತ್ತೆ ಹೇಳಲಿಲ್ಲ. ಧರಣೇಂದ್ರಯ್ಯನವರು ಎದ್ದು, ಕನ್ನಡಕ ಹಾಕಿಕೊಂಡು, ತೊಡೆ ಹಿಡಿದುಕೊಂಡು ಬಗ್ಗಿದರು. ಕಲ್ಲಿನ ಸಂದಿಯಲ್ಲಿ ಬೆರಳಿಟ್ಟರು. ಆಮೇಲೆ ಗಾರೆಯವನ ಗೂಟವನ್ನು ಅಲುಗಾಡಿಸಿ ಕಿತ್ತು, ದಾರವನ್ನು ಕೈಗೆ ಸುತ್ತಿಕೊಳ್ಳುತ್ತ, "ನೆನ್ನೇನೇ ನೋಡಿದ್ದೋರು ನೆನ್ನೇನೇ ಹೇಳ್ಬೋದಿತ್ತು ಅನ್ನು" ಎಂದರು.

ಅಣ್ಣತಮ್ಮ ಇವತ್ತಿಗೂ ನೇರ ಮಾತಾಡುವುದಿಲ್ಲ. ನಡುವೆ ಯಾರಾದರೊಬ್ಬರು ಬೇಕು, ಹೆಚ್ಚಾಗಿ ನಾನು. ಇಟ್ಟಿಗೆಗಳು ಪಾಚಿ ಹಿಡಿದು ಅಲ್ಲೇ ಬಿದ್ದಿವೆ. ಹೋದಾಗಲೆಲ್ಲ ಅವನ್ನು ನೋಡಿ ನನಗೆ ದಿಗಿಲಾಗುತ್ತದೆ, ಎಂದು ಬೇಕಾದರೂ ಗೋಡೆಯಾಗಬಹುದಲ್ಲ ಎಂದು.

ನಿವೃತ್ತಿಯಾದ ವರ್ಷ, ಬೇಸಿಗೆಯ ಮಳೆ ಬಿದ್ದ ಮೇಲೆ, ನನ್ನ ಸ್ವಂತ ಕತ್ತರಿ ತೆಗೆದುಕೊಂಡು ಹೋದೆ. ಗಿಡ ತಲೆಯೆತ್ತರಕ್ಕೆ ಬಂದಿತ್ತು. ಬುಡದಿಂದ ತುದಿಯವರೆಗೆ ಹೊಸ ಕೊಂಬೆ, ಕೈಗೆಟುಕುವಲ್ಲೆಲ್ಲ ಜುಮಕಿ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ. ಇನ್ನೊಂದು ವರ್ಷ ಬಿಟ್ಟರೆ ಮೊದಲಿನಂತೆಯೇ ದಟ್ಟವಾಗಿ ಕಟ್ಟಿಕೊಳ್ಳುತ್ತದೆ, ಯಾರಿಗೂ ಕಾಣದ ಹಾಗೆ ಮರೆಯಾಗುತ್ತದೆ ಎಂದುಕೊಂಡು, "ಈ ಸಲ ತುದಿ ಮಾತ್ರ ಚಿವುಟ್ಲಾ ತಾಯೀ? ಮೊದ್ಲಿನಂಗೇ ಬೆಳೀಲಿ ಬಿಡಣ" ಎಂದೆ.

ಚಂದ್ರಮತಮ್ಮ ಬುಟ್ಟಿ ಹಿಡಿದು ನಿಂತಿದ್ದರು. ಆ ಕಡೆ ಎಲೆಗಳ ಹಿಂದೆ ವಿಮಲಮ್ಮ ಏನೋ ಹೇಳಿ ನಗುತ್ತಿದ್ದರು, ದನಿ ಮಾತ್ರ ಕೇಳಿಸುತ್ತಿತ್ತು.

"ಬೇಡಪ್ಪ" ಎಂದು ಚಂದ್ರಮತಮ್ಮ ತಮ್ಮ ಸೊಂಟದ ಹತ್ತಿರ ಅಂಗೈ ಅಡ್ಡ ಹಿಡಿದು ಅಳತೆ ತೋರಿಸಿದರು. "ಇಲ್ಲಿಗೆ ಕಡೀರಿ. ವರ್ಷಾ ವರ್ಷಾ ಬಂದು ಇಷ್ಟಕ್ಕೇ ಕಡ್ದುಕೊಟ್ಟು ಹೋಗಿ. ಇದಕ್ಕಿಂತ ಮೇಲೆ ಬೆಳೆದ್ರೆ ಅವಳ ಮುಖ ಕಾಣಲ್ಲ."